ಚಳಿಜ್ವರದ ಲಸಿಕೆ ಬಂದ ದಾರಿ

ಲಸಿಕೆ ಅಂದರೆ ಏನು ಅಂತ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ನಿಮ್ಮ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿದ್ದೀರಿ. ದಡಾರದ ಚುಚ್ಚುಮದ್ದು ಕೊಡಿಸಿದ್ದೀರಿ. ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೀರಿ.

ಆದರೆ ಒಂದು ಜ್ವರಕ್ಕೆ ಮಾತ್ರ ಬಹಳ ಕಾಲ ಲಸಿಕೆಯೇ ಇರಲಿಲ್ಲ. ಅದು ಮಲೇರಿಯಾ. ನಮ್ಮ ಹಿರಿಯರು ಅದನ್ನು ಚಳಿಜ್ವರ ಅಂತಿದ್ದರು. ಮೊದಲು ಗಡಗಡ ನಡುಕ. ಆಮೇಲೆ ಕೆಂಡದಂಥ ಜ್ವರ. ಕೊನೆಗೆ ಮೈಯೆಲ್ಲಾ ಬೆವರು. ಒಂದು ದಿನ ಬಿಟ್ಟು ಮತ್ತೆ ಅದೇ ನಡುಕ.

ಈಗ ಈ ಚಳಿಜ್ವರಕ್ಕೂ ಲಸಿಕೆ ಬಂದಿದೆ. ಒಂದಲ್ಲ, ಎರಡು. ಇವತ್ತು ನಾವು ಮೂರು ವಿಷಯ ಮಾತಾಡೋಣ. ಈ ಲಸಿಕೆ ಬರಲು ಇಷ್ಟು ವರ್ಷ ಯಾಕೆ ಹಿಡಿಯಿತು? ಅದನ್ನು ಯಾರ ಮೇಲೆ ಪರೀಕ್ಷೆ ಮಾಡಿದರು? ಅಕ್ಷರ ಕಲಿತ ನಮಗೂ ಆ ಪರೀಕ್ಷೆಗೂ ಏನು ಸಂಬಂಧ?

ಸೊಳ್ಳೆಗೆ ತೋಳು ಕೊಟ್ಟ ಹುಸೇನ್ ಖಾನ್

ಕೆಟ್ಟ ಗಾಳಿಯಿಂದ ಚಳಿಜ್ವರ ಬರ್ತದೆ ಅಂತ ಹಿಂದೆ ಜನ ನಂಬಿದ್ದರು. ವಿದೇಶದ ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ನಂಬಿದ್ದರು. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಡಾಕ್ಟರು ಆಲ್ಜೀರಿಯಾ ದೇಶದಲ್ಲಿ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಅಲ್ಲಾಡುವ ಒಂದು ಸಣ್ಣ ಜೀವಿ ಕಂಡಿತು. ಅದೇ ಮಲೇರಿಯಾದ ರೋಗಾಣು.

ಅದು ಮನುಷ್ಯನ ಮೈಗೆ ಬರುವುದು ಹೇಗೆ? ಇದಕ್ಕೆ ಉತ್ತರದ ದಾರಿ ತೆರೆದದ್ದು ನಮ್ಮ ಪಕ್ಕದಲ್ಲೇ, ಸಿಕಂದರಾಬಾದಿನಲ್ಲಿ. ಅಲ್ಲಿ ರೊನಾಲ್ಡ್ ರಾಸ್ ಎಂಬ ಬ್ರಿಟಿಷ್ ಡಾಕ್ಟರು ಇದ್ದರು. ಅದಕ್ಕೆ ಮೊದಲು ಅವರು ನಮ್ಮ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದರು. ಅವರಿಗೆ ಸೊಳ್ಳೆಯ ಮೇಲೆ ಅನುಮಾನ. ಆದರೆ ಅನುಮಾನ ಸಾಲದು, ಸಾಕ್ಷಿ ಬೇಕು. ಮಲೇರಿಯಾ ಬಂದವರನ್ನು ಸೊಳ್ಳೆ ಕಚ್ಚಬೇಕು. ಆಮೇಲೆ ಆ ಸೊಳ್ಳೆಯ ಹೊಟ್ಟೆ ಸೀಳಿ ನೋಡಬೇಕು.

ಹುಸೇನ್ ಖಾನ್ ಎಂಬ ರೋಗಿ ಇದಕ್ಕೆ ಒಪ್ಪಿದ. ಒಂದು ಸೊಳ್ಳೆ ಕಚ್ಚಿದರೆ ಅವನಿಗೆ ಒಂದಾಣೆ ಕೂಲಿ. 1897ರ ಆಗಸ್ಟ್ 20ರಂದು ರಾಸ್ ಅಂಥ ಒಂದು ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ಬಂತು. ಆಗಸ್ಟ್ 20ನ್ನು ಈಗಲೂ ಸೊಳ್ಳೆ ದಿನ ಅಂತ ಆಚರಿಸುತ್ತಾರೆ.

ರಾಸ್ ಹೆಸರು ಶಾಲೆಯ ಪುಸ್ತಕದಲ್ಲಿದೆ. ಹುಸೇನ್ ಖಾನನ ಹೆಸರು ಎಷ್ಟು ಜನಕ್ಕೆ ಗೊತ್ತು? ಕಂಡುಹಿಡಿದವರು ಒಬ್ಬರು. ಕಂಡುಹಿಡಿಯಲು ತೋಳು ಕೊಟ್ಟವರು ಇನ್ನೊಬ್ಬರು. ಈ ಮಾತು ನೆನಪಿರಲಿ. ಮುಂದೆ ಮತ್ತೆ ಬರ್ತದೆ.

ವೇಷ ಬದಲಿಸುವ ರೋಗಾಣು

ಎಲ್ಲ ಸೊಳ್ಳೆಯಿಂದಲೂ ಮಲೇರಿಯಾ ಬರುವುದಿಲ್ಲ. ಅನಾಫಿಲಿಸ್ ಎಂಬ ಜಾತಿಯ ಹೆಣ್ಣು ಸೊಳ್ಳೆ ಮಾತ್ರ ಇದನ್ನು ಹರಡುತ್ತದೆ. ಮೊಟ್ಟೆ ಇಡಲು ಅದಕ್ಕೆ ರಕ್ತ ಬೇಕು. ಹೊತ್ತು ಮುಳುಗಿದ ಮೇಲೆ ಬಂದು ಕಚ್ಚುತ್ತದೆ. ಕಚ್ಚುವಾಗ ಅದರ ಎಂಜಲಿನ ಜೊತೆ ರೋಗಾಣು ನಮ್ಮ ಮೈಗೆ ಇಳಿಯುತ್ತದೆ.

ಇಳಿದ ರೋಗಾಣು ಸುಮ್ಮನೆ ಕೂರುವುದಿಲ್ಲ. ಬೇಗ ಬೇಗ ಲಿವರಿಗೆ ಹೋಗಿ ಅಡಗುತ್ತದೆ. ಅಲ್ಲಿ ಸುಮಾರು ಒಂದು ವಾರ ಬೆಳೆಯುತ್ತದೆ. ಒಂದು ಇದ್ದದ್ದು ಸಾವಿರಾರು ಆಗುತ್ತದೆ. ಆಮೇಲೆ ರಕ್ತಕ್ಕೆ ನುಗ್ಗುತ್ತದೆ. ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಆಗಲೇ ನಮಗೆ ಚಳಿ, ನಡುಕ, ಜ್ವರ. ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುತ್ತದೆ. ಜ್ವರ ಮಿದುಳಿಗೆ ಏರಿದರೆ ಜೀವವೇ ಹೋಗಬಹುದು. ಬಸುರಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು.

ಲಸಿಕೆ ಮಾಡುವ ಕೆಲಸ ಏನು? ಅಕ್ಷರ ಕಲಿಸಿದ ಹಾಗೆ. ‘ಅ’ ಅಕ್ಷರವನ್ನು ಒಮ್ಮೆ ಕಲಿತರೆ ಸಾಕು. ಬಸ್ಸಿನ ಬೋರ್ಡಿನ ಮೇಲೆ ಕಂಡರೂ ಗುರುತು ಸಿಗ್ತದೆ. ಗೋಡೆಯ ಮೇಲೆ ಕಂಡರೂ ಗುರುತು ಸಿಗ್ತದೆ. ಹಾಗೆಯೇ ನಮ್ಮ ಮೈಯ ಕಾವಲು ಶಕ್ತಿಗೆ ಲಸಿಕೆ ರೋಗಾಣುವಿನ ಗುರುತು ಕಲಿಸುತ್ತದೆ. ನಿಜವಾದ ರೋಗಾಣು ಬಂದಾಗ ಮೈ ಅದನ್ನು ಕೂಡಲೇ ಗುರುತು ಹಿಡಿದು ಹೊಡೆಯುತ್ತದೆ.

ಆದರೆ ಮಲೇರಿಯಾ ರೋಗಾಣು ಬಯಲಾಟದ ವೇಷಗಾರನ ಹಾಗೆ. ಸೊಳ್ಳೆಯಿಂದ ಇಳಿಯುವಾಗ ಒಂದು ವೇಷ. ರಕ್ತಕ್ಕೆ ನುಗ್ಗುವಾಗ ಇನ್ನೊಂದು ವೇಷ. ಮತ್ತೆ ಸೊಳ್ಳೆಗೆ ಹತ್ತುವಾಗ ಮೂರನೇ ವೇಷ. ಒಂದು ಗುರುತು ಕಲಿಸುವಷ್ಟರಲ್ಲಿ ಅದು ಬೇರೆಯೇ ಆಗಿರ್ತದೆ. ಅದಕ್ಕೇ ಇಷ್ಟು ವರ್ಷ ಹಿಡಿಯಿತು.

ಇಲಿಯಿಂದ ಮನುಷ್ಯನಿಗೆ

ಮೊದಲ ದಾರಿ ತೋರಿಸಿದವರು ಒಬ್ಬ ಹೆಣ್ಣುಮಗಳು. ಅವರ ಹೆಸರು ರೂತ್ ನುಸೆನ್‌ಜ್ವೈಗ್. ಅಮೆರಿಕದ ನ್ಯೂಯಾರ್ಕಿನಲ್ಲಿ ವಿಜ್ಞಾನಿ. ಸೊಳ್ಳೆಯಿಂದ ಬಂದ ರೋಗಾಣುವನ್ನು ಅವರು ಎಕ್ಸ್‌ರೇ ಕಿರಣದಿಂದ ಬಡವಾಗಿಸಿದರು. ಆ ಬಡ ರೋಗಾಣುವನ್ನು ಇಲಿಗಳಿಗೆ ಚುಚ್ಚಿದರು. ಆಮೇಲೆ ಬಲವಾದ ರೋಗಾಣು ಕೊಟ್ಟಾಗಲೂ ಬಹಳ ಇಲಿಗಳು ತಡೆದುಕೊಂಡವು. ಇದು 1967ರ ಮಾತು. ಮಲೇರಿಯಾಕ್ಕೆ ಲಸಿಕೆ ಮಾಡಬಹುದು ಅಂತ ಆಗ ಧೈರ್ಯ ಬಂತು.

ಇಲಿಗೆ ಆದದ್ದು ಮನುಷ್ಯನಿಗೂ ಆಗ್ತದೆಯೇ? ಅದನ್ನು ಮನುಷ್ಯರಲ್ಲೇ ನೋಡಬೇಕು. 1970ರ ನಂತರದ ವರ್ಷಗಳಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಈ ಪರೀಕ್ಷೆ ನಡೆಯಿತು. ಕಿರಣ ತಾಗಿಸಿದ ಸೊಳ್ಳೆಗಳಿಂದ ಮನುಷ್ಯರನ್ನು ಕಚ್ಚಿಸಿದರು. ಕೆಲವರಿಗೆ ರಕ್ಷಣೆ ಸಿಕ್ಕಿತು. ಆದರೆ ನೆಚ್ಚಿಕೊಳ್ಳುವಂಥ ರಕ್ಷಣೆ ಬೇಕಾದರೆ ಸಾವಿರಕ್ಕೂ ಹೆಚ್ಚು ಸೊಳ್ಳೆ ಕಚ್ಚಬೇಕು ಅಂತ ಮುಂದೆ ಗೊತ್ತಾಯಿತು. ಮಗುವಿಗೆ ಸಾವಿರ ಸೊಳ್ಳೆ ಕಚ್ಚಿಸಲು ಆಗ್ತದೆಯೇ?

ಇನ್ನೊಂದು ಮಾತು. ಆ ಪರೀಕ್ಷೆಗೆ ತೋಳು ಕೊಟ್ಟವರು ಜೈಲಿನ ಕೈದಿಗಳು. ಅವರು ಒಪ್ಪಿಯೇ ಬಂದಿದ್ದರು ಅಂತ ದಾಖಲೆ ಹೇಳುತ್ತದೆ. ಆದರೆ ಯೋಚನೆ ಮಾಡಿ. ಬಾಗಿಲಿಗೆ ಬೀಗ ಹಾಕಿದ ಮನೆಯಲ್ಲಿ ಇರುವವನು ‘ಹೂಂ’ ಅಂದರೆ, ಅದು ಪೂರ್ತಿ ಅವನ ಮನಸ್ಸಿನ ಹೂಂ ಆಗ್ತದೆಯೇ? ಬೇಡ ಅನ್ನುವ ಧೈರ್ಯ ಇದ್ದವರ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಈ ಪ್ರಶ್ನೆ ಅಲ್ಲೂ ಎದ್ದಿತು. ಕೈದಿಗಳ ಮೇಲಿನ ಇಂಥ ಪರೀಕ್ಷೆಗಳಿಗೆ ಅಮೆರಿಕದಲ್ಲಿ ಬಿಗಿ ನಿಯಮ ಬಂತು.

ಒಂದು ತುಂಡು ಕೋಟು, ಒಂದಿಷ್ಟು ತೊಗಟೆ

ಸಾವಿರ ಸೊಳ್ಳೆ ಬೇಡ. ಬೇರೆ ಉಪಾಯ ಬೇಕು. ವಿಜ್ಞಾನಿಗಳು ಯೋಚಿಸಿದರು. ಇಡೀ ರೋಗಾಣು ಯಾಕೆ? ಅದು ಹೊದ್ದಿರುವ ಕೋಟಿನ ಒಂದು ತುಂಡು ಸಾಕಲ್ಲ? ತುಂಡು ಕೋಟಿನಿಂದ ರೋಗ ಬರುವುದಿಲ್ಲ. ಆದರೆ ಗುರುತು ಸಿಗ್ತದೆ.

1987ರಲ್ಲಿ ಒಂದು ಔಷಧ ಕಂಪನಿ ಮತ್ತು ಅಮೆರಿಕದ ಸೈನ್ಯದ ವಿಜ್ಞಾನಿಗಳು ಸೇರಿ ಅಂಥ ಲಸಿಕೆ ಮಾಡಿದರು. ಅದರ ಹೆಸರು ಆರ್‌ಟಿಎಸ್,ಎಸ್. ರೋಗಾಣುವಿನ ಕೋಟಿನ ತುಂಡನ್ನು ಅವರು ಯೀಸ್ಟಿನ ಒಳಗೆ ಬೆಳೆಸಿದರು. ಬ್ರೆಡ್ ಉಬ್ಬಲು ಬೇಕರಿಯವರು ಹಾಕುತ್ತಾರಲ್ಲ, ಅದೇ ಯೀಸ್ಟ್.

ಗುರುತು ಗಟ್ಟಿಯಾಗಿ ಮನಸ್ಸಿಗೆ ಹತ್ತಲು ಇನ್ನೊಂದು ಸಾಮಾನು ಬೇಕಿತ್ತು. ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಒಂದು ಮರದ ತೊಗಟೆಯಲ್ಲಿ. ನಮ್ಮ ಅಂಟುವಾಳದ ಕಾಯಿಯ ಹಾಗೆ ಆ ತೊಗಟೆಯೂ ನೀರಿನಲ್ಲಿ ನೊರೆ ಕೊಡ್ತದೆ. ಅದರ ಸಾರದ ಒಂದಿಷ್ಟು ಲಸಿಕೆಗೆ ಸೇರಿಸಿದರೆ ಮೈಯ ಕಾವಲು ಶಕ್ತಿ ಚುರುಕಾಗ್ತದೆ.

ಆಮೇಲೆ ಪರೀಕ್ಷೆ. ದೊಡ್ಡವರು, ಆರೋಗ್ಯವಂತರು, ಸ್ವಂತ ಮನಸ್ಸಿನಿಂದ ಮುಂದೆ ಬಂದರು. ಇಂಥವರಿಗೆ ಸ್ವಯಂಸೇವಕರು ಅಂತೀವಿ. ಮೊದಲು ಲಸಿಕೆ. ಆಮೇಲೆ ಬಟ್ಟಲಲ್ಲಿ ಐದು ರೋಗದ ಸೊಳ್ಳೆ. ಬಟ್ಟಲ ಬಾಯಿಗೆ ಬಲೆ. ಬಟ್ಟಲನ್ನು ತೋಳಿನ ಮೇಲೆ ಇಟ್ಟರೆ ಸೊಳ್ಳೆ ಬಲೆಯ ಮೂಲಕ ಕಚ್ಚುತ್ತದೆ. ಆಮೇಲೆ ಡಾಕ್ಟರು ಆಗಾಗ ರಕ್ತ ನೋಡುತ್ತಾರೆ. ರೋಗಾಣು ಕಂಡ ಕೂಡಲೇ ಔಷಧ ಕೊಟ್ಟು ಗುಣ ಮಾಡುತ್ತಾರೆ. ಗುಣವಾಗುವ ಔಷಧ ಕೈಯಲ್ಲಿ ಇರುವುದರಿಂದಲೇ ಹೀಗೆ ಪರೀಕ್ಷೆ ಮಾಡಬಹುದು.

ಇದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆಯದ ಆರು ಜನಕ್ಕೆ ಆರು ಜನಕ್ಕೂ ಮಲೇರಿಯಾ ಬಂತು. ಚೆನ್ನಾಗಿ ಕೆಲಸ ಮಾಡಿದ ಲಸಿಕೆ ಪಡೆದ ಏಳು ಜನರಲ್ಲಿ ಒಬ್ಬರಿಗೆ ಮಾತ್ರ ಬಂತು. ಆರು ಜನ ಪಾರಾದರು.

ಆಫ್ರಿಕಾದ ತಾಯಂದಿರು

ಏಳು ಜನರ ಪರೀಕ್ಷೆ ಸಾಕೇ? ಸಾಲದು. ಮಲೇರಿಯಾ ಹೆಚ್ಚಾಗಿ ಕೊಲ್ಲುವುದು ಆಫ್ರಿಕಾದ ಎಳೆಯ ಮಕ್ಕಳನ್ನು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. 2023ರಲ್ಲಿ ಲೋಕದಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5 ಲಕ್ಷ 97 ಸಾವಿರ. ಹೆಚ್ಚುಕಡಿಮೆ ನಿಮಿಷಕ್ಕೆ ಒಬ್ಬರು. ಸತ್ತ ನೂರು ಜನರಲ್ಲಿ 95 ಜನ ಆಫ್ರಿಕಾದವರು. ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದ ಒಳಗಿನ ಕೂಸುಗಳು. ಹಾಗಾಗಿ ಲಸಿಕೆ ಕೆಲಸ ಮಾಡಬೇಕಾದದ್ದು ಆ ಕೂಸುಗಳ ಮೈಯಲ್ಲಿ.

2009ರಲ್ಲಿ ದೊಡ್ಡ ಪರೀಕ್ಷೆ ಶುರುವಾಯಿತು. ಆಫ್ರಿಕಾದ ಏಳು ದೇಶಗಳು. ಕೀನ್ಯಾ, ಘಾನಾ, ಮಲಾವಿ, ಟಾಂಜಾನಿಯಾ, ಮೊಜಾಂಬಿಕ್, ಗ್ಯಾಬೊನ್, ಬುರ್ಕಿನಾ ಫಾಸೊ. ಒಟ್ಟು 15,459 ಮಕ್ಕಳು.

ಕೂಸಿಗೆ ‘ಹೂಂ’ ಅನ್ನಲು ಬರುವುದಿಲ್ಲ. ತಂದೆ ತಾಯಿಯೇ ಹೇಳಬೇಕು. ಆಸ್ಪತ್ರೆಯವರು ಅವರನ್ನು ಕೂರಿಸಿ ವಿಷಯ ತಿಳಿಸಬೇಕು. ಏನು ಲಾಭ, ಏನು ಅಪಾಯ, ಎಷ್ಟು ಸಲ ಬರಬೇಕು, ಎಲ್ಲ ಹೇಳಬೇಕು. ಒಪ್ಪಿದವರು ಕಾಗದಕ್ಕೆ ಸಹಿ ಹಾಕಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತಬೇಕು. ಆದರೆ ಬರೀ ಹೆಬ್ಬೆಟ್ಟು ಸಾಲದು. ಓದು ಬಲ್ಲ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು. ಸಾಕ್ಷಿಯೂ ಸಹಿ ಹಾಕಬೇಕು.

ಆಮೇಲೆ ಲಾಟರಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವು ಮಕ್ಕಳಿಗೆ ಮಲೇರಿಯಾ ಲಸಿಕೆ. ಉಳಿದವರಿಗೆ ಬೇರೆ ರೋಗದ ಲಸಿಕೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಹುಚ್ಚುನಾಯಿ ರೋಗದ ಲಸಿಕೆ ಕೊಟ್ಟರು. ಅವರ ಚುಚ್ಚುಮದ್ದೂ ದಂಡವಾಗಬಾರದಲ್ಲ? ಯಾವ ಮಗುವಿಗೆ ಯಾವುದು ಅಂತ ತಾಯಿಗೂ ಹೇಳಲಿಲ್ಲ. ಗೊತ್ತಾದರೆ ನೋಡುವ ಕಣ್ಣು ಒಂದು ಕಡೆ ವಾಲುತ್ತದೆ. ಮಕ್ಕಳ ಮನೆಗಳಿಗೆ ಸೊಳ್ಳೆಪರದೆಯನ್ನೂ ಕೊಟ್ಟರು.

ಫಲ ಏನಾಯಿತು? ಐದು ತಿಂಗಳು ತುಂಬಿದ ಮೇಲೆ ಲಸಿಕೆ ಶುರು ಮಾಡಿ ನಾಲ್ಕು ಡೋಸ್ ಪಡೆದ ಮಕ್ಕಳನ್ನು ನೋಡಿ. ಸುಮಾರು ನಾಲ್ಕು ವರ್ಷದಲ್ಲಿ ನೂರು ಸಲ ಮಲೇರಿಯಾ ಬರಬೇಕಿದ್ದ ಕಡೆ ಸುಮಾರು 36 ಸಲ ತಪ್ಪಿತು. ಇಷ್ಟೇನಾ ಅಂತ ನೀವು ಕೇಳಬಹುದು. ಆದರೆ ಅಲ್ಲಿ ಒಂದೇ ಮಗುವಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಜ್ವರ ಬರುವ ಊರುಗಳಿವೆ. ಅಂಥ ಮನೆಯ ತಾಯಿಯನ್ನು ಕೇಳಿದರೆ 36ರ ಬೆಲೆ ಗೊತ್ತಾಗ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಅನುಮಾನ

ಇಲ್ಲಿ ಒಂದು ತೊಡಕು ಬಂತು. ಅದನ್ನು ಮುಚ್ಚಿಡದೆ ಹೇಳಬೇಕು. ಲಸಿಕೆ ಪಡೆದ ಮಕ್ಕಳಲ್ಲಿ ಮಿದುಳಿನ ಪೊರೆ ಬಾಯುವ ಕಾಯಿಲೆ ಹೆಚ್ಚಾಗಿ ಕಂಡಿತು. ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಸಾವೂ, ಪಡೆಯದ ಹೆಣ್ಣುಮಕ್ಕಳಿಗಿಂತ ಹೆಚ್ಚಾಗಿ ಕಂಡಿತು. ಲಸಿಕೆಯಿಂದ ಹೀಗಾಯಿತೋ, ಕಾಕತಾಳೀಯವೋ?

ಹೇಗೂ ಒಳ್ಳೆಯ ಲಸಿಕೆ ಅಂತ ಕಣ್ಣು ಮುಚ್ಚಿ ಎಲ್ಲರಿಗೂ ಹಾಕಬಹುದಿತ್ತು. ಹೆದರಿ ಬಿಟ್ಟುಬಿಡಲೂಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಎರಡೂ ಮಾಡಲಿಲ್ಲ. ಮೊದಲು ಮೂರು ದೇಶಗಳಲ್ಲಿ ಮಾತ್ರ ಕೊಟ್ಟು ನೋಡೋಣ ಅಂತು. 2019ರಲ್ಲಿ ಮಲಾವಿ, ಘಾನಾ, ಕೀನ್ಯಾದಲ್ಲಿ ಲಸಿಕೆ ಶುರುವಾಯಿತು. 2021ರ ಹೊತ್ತಿಗೆ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಿದ್ದರು. ಹೆಣ್ಣು ಎಷ್ಟು, ಗಂಡು ಎಷ್ಟು ಅಂತ ಬೇರೆ ಬೇರೆ ಲೆಕ್ಕ ಇಟ್ಟರು. ಆ ಅನುಮಾನ ನಿಜವಾಗಲಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ಅಪಾಯ ಕಾಣಲಿಲ್ಲ. ಲಸಿಕೆ ಕೊಟ್ಟ ಕಡೆ ಆ ವಯಸ್ಸಿನ ಮಕ್ಕಳ ಸಾವು ನೂರಕ್ಕೆ 13ರಷ್ಟು ಇಳಿದದ್ದು ಕಂಡಿತು.

ಹೆಣ್ಣುಕೂಸಿನ ಲೆಕ್ಕವನ್ನು ಬೇರೆಯಾಗಿ ಇಟ್ಟರು ನೋಡಿ, ಅದಕ್ಕೇ ಸತ್ಯ ತಿಳಿಯಿತು. ಲೆಕ್ಕಕ್ಕೇ ಬಾರದವರ ಕಷ್ಟ ಯಾರಿಗೂ ಕಾಣುವುದಿಲ್ಲ.

2021ರ ಅಕ್ಟೋಬರ್ 6ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಯನ್ನು ಮಕ್ಕಳಿಗೆ ಕೊಡಬಹುದು ಅಂತ ಹೇಳಿತು. 1987ರಿಂದ 2021. ಲೆಕ್ಕ ಹಾಕಿ. 34 ವರ್ಷ.

ಪುಣೆಯಲ್ಲಿ ತಯಾರಾದ ಎರಡನೇ ಲಸಿಕೆ

ಎರಡನೇ ಲಸಿಕೆಯ ಹೆಸರು ಆರ್-21. ಇದನ್ನು ರೂಪಿಸಿದವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು. ತಯಾರಿಸುವವರು ನಮ್ಮ ದೇಶದ ಪುಣೆಯ ಸೀರಂ ಸಂಸ್ಥೆಯವರು. ಬುರ್ಕಿನಾ ಫಾಸೊ ದೇಶದ ನನೊರೊ ಎಂಬಲ್ಲಿ 450 ಮಕ್ಕಳಲ್ಲಿ ಪರೀಕ್ಷೆ ನಡೆಯಿತು. ಅದನ್ನು ನಡೆಸಿದವರು ಆ ದೇಶದವರೇ ಆದ ವಿಜ್ಞಾನಿ ಹಾಲಿಡು ಟಿಂಟೊ. ಮುಂದೆ ನಾಲ್ಕು ದೇಶಗಳಲ್ಲಿ ಸುಮಾರು 4,800 ಮಕ್ಕಳ ಪರೀಕ್ಷೆ ಆಯಿತು. ಮಳೆಗಾಲದಲ್ಲಿ ಮಾತ್ರ ಮಲೇರಿಯಾ ಹೆಚ್ಚುವ ಊರುಗಳಲ್ಲಿ, ಮೊದಲ ವರ್ಷ, ನೂರಕ್ಕೆ ಸುಮಾರು 75ರಷ್ಟು ಜ್ವರ ತಪ್ಪಿತು. 2023ರ ಅಕ್ಟೋಬರ್ 2ರಂದು ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. 2025ರ ಹೊತ್ತಿಗೆ ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳಿಗೆ ಈ ಎರಡರಲ್ಲಿ ಒಂದು ಲಸಿಕೆ ಸಿಗುತ್ತಿತ್ತು.

ನಮಗೂ ಸಿಗ್ತದೆಯೇ ಅಂತ ನೀವು ಕೇಳ್ತೀರಿ. ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ. ಈ ಎರಡೂ ಲಸಿಕೆ ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾಕ್ಕೆ. ನಮ್ಮಲ್ಲಿ ವೈವಾಕ್ಸ್ ಎಂಬ ಇನ್ನೊಂದು ಜಾತಿಯೂ ಇದೆ. ಅದು ಲಿವರಿನಲ್ಲಿ ನಿದ್ದೆ ಹೊಡೆದು, ತಿಂಗಳಾದ ಮೇಲೆ ಎದ್ದು ಬರ್ತದೆ. ಅದಕ್ಕೆ ಈ ಲಸಿಕೆ ಕೆಲಸ ಮಾಡುವುದಿಲ್ಲ. 2025ರಲ್ಲಿ ಭುವನೇಶ್ವರದ ನಮ್ಮ ವಿಜ್ಞಾನಿಗಳು ಫಾಲ್ಸಿಪಾರಂಗೆ ಒಂದು ಹೊಸ ಲಸಿಕೆಯ ವಿಷಯ ತಿಳಿಸಿದರು. ಹಾಲನ್ನು ಹುಳಿ ಮಾಡುವ ಒಂದು ಸೂಕ್ಷ್ಮಾಣುವಿನಲ್ಲಿ ಅದನ್ನು ಬೆಳೆಸುತ್ತಾರೆ. ಅದು ಇನ್ನೂ ಪರೀಕ್ಷೆಯ ಮೆಟ್ಟಿಲು ಹತ್ತಬೇಕು ಅಂತ ಆಗ ಹೇಳಿದ್ದರು.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಹಳೆಯ ಕಟ್ಟುನಿಟ್ಟು. ನೀರಿನ ತೊಟ್ಟಿ ಮುಚ್ಚಿಡಿ. ಮನೆಯ ಹತ್ತಿರ ನೀರು ನಿಲ್ಲಲು ಬಿಡಬೇಡಿ. ಸೊಳ್ಳೆಪರದೆ ಕಟ್ಟಿ ಮಲಗಿ. ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಜ್ವರ ಬಿಟ್ಟಿತು ಅಂತ ಗುಳಿಗೆ ಬಿಡಬೇಡಿ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ನುಂಗಿ.

ಹೆಬ್ಬೆಟ್ಟಿನಿಂದ ಸಹಿಗೆ

ಕೊನೆಯ ಮಾತಿಗೆ ಬರೋಣ. ಇದು ನಮ್ಮ ಪಕ್ಕದ ರಾಜ್ಯದ ಸಂಗತಿ. 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಒಂದು ಲಸಿಕೆ ಹಾಕಿದರು. ಮಲೇರಿಯಾದ್ದಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆ. ಅದು ಒಂದು ಅಧ್ಯಯನದ ಭಾಗವಾಗಿತ್ತು. ಆಗ ಆ ಜಿಲ್ಲೆ ಆಂಧ್ರದಲ್ಲಿತ್ತು. ಈಗ ತೆಲಂಗಾಣದಲ್ಲಿದೆ. 2010ರಲ್ಲಿ ಅಧ್ಯಯನವನ್ನು ಸರ್ಕಾರ ನಿಲ್ಲಿಸಿತು. ಆಮೇಲೆ ವಿಚಾರಣೆ ಆಯಿತು. ಸಂಸತ್ತಿನ ಸಮಿತಿ 2013ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಕಾಗದಕ್ಕೆ ಎಷ್ಟೋ ಕಡೆ ತಂದೆ ತಾಯಿಯ ಬದಲು ವಾರ್ಡನ್, ಹೆಡ್‌ಮಾಸ್ಟರು ಸಹಿ ಹಾಕಿದ್ದರು. ಹೆಬ್ಬೆಟ್ಟು ಒತ್ತಿದ ಕೆಲವು ಕಾಗದಗಳಲ್ಲಿ ಸಾಕ್ಷಿಯ ಸಹಿ ಇರಲಿಲ್ಲ.

ಆ ಲಸಿಕೆ ಕೆಟ್ಟದ್ದಲ್ಲ. ಇವತ್ತು ಬಹಳ ದೇಶಗಳಲ್ಲಿ ಹುಡುಗಿಯರಿಗೆ ಕೊಡುತ್ತಾರೆ. ತಪ್ಪು ಇದ್ದದ್ದು ಕೇಳಿದ ರೀತಿಯಲ್ಲಿ. ಓದು ಬಾರದವರು, ಕೇಳುವವರಿಲ್ಲದವರು, ಅವರನ್ನೇನು ಕೇಳೋದು ಅನ್ನುವ ಅಸಡ್ಡೆಯಲ್ಲಿ.

ನಮ್ಮ ದೇಶದಲ್ಲಿ ಈಗ 2019ರ ನಿಯಮಗಳಿವೆ. ಹೊಸ ಔಷಧವನ್ನೋ ಲಸಿಕೆಯನ್ನೋ ಪರೀಕ್ಷೆ ಮಾಡುವಾಗ ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದು ಬಾರದಿದ್ದರೆ ಅವರ ಕಡೆಯವರಲ್ಲದ ಸಾಕ್ಷಿ ಪಕ್ಕದಲ್ಲಿ ಇರಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಅವರದು. ಪರಿಹಾರವನ್ನೂ ಕೊಡಬೇಕು. ನಡುವೆ ಬೇಡ ಅನ್ನಿಸಿದರೆ ನೀವು ಯಾವಾಗಲಾದರೂ ಹೊರಗೆ ಬರಬಹುದು. ಬಂದದ್ದಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಅಂಗನವಾಡಿಯಲ್ಲಿ ಕೊಡುವ ಪೋಲಿಯೋ, ದಡಾರದ ಲಸಿಕೆಗಳ ಪರೀಕ್ಷೆ ಎಂದೋ ಮುಗಿದಿದೆ. ಅವನ್ನು ಅಳುಕಿಲ್ಲದೆ ಹಾಕಿಸಿ. ಆದರೆ ಯಾರಾದರೂ ಬಂದು ಇದು ಹೊಸ ಔಷಧದ ಪರೀಕ್ಷೆ, ಇಲ್ಲಿ ಸಹಿ ಹಾಕಿ ಅಂದರೆ, ಈ ಐದು ಪ್ರಶ್ನೆ ಕೇಳಿ. ನಿಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

1. ಇದು ಯಾವ ರೋಗಕ್ಕೆ? ಪರೀಕ್ಷೆ ಮಾಡುವವರು ಯಾರು?
2. ಇದರಿಂದ ನನಗೆ, ನನ್ನ ಮಗುವಿಗೆ ಏನು ಲಾಭ? ಏನು ಅಪಾಯ?
3. ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು? ಖರ್ಚು ಯಾರದು?
4. ಬೇಡ ಅಂದರೆ ಬಿಡಬಹುದೇ?
5. ಈ ಕಾಗದದ ಒಂದು ಪ್ರತಿ ನನಗೆ ಕೊಡುತ್ತೀರಾ?

ಕಾಗದವನ್ನು ನಿಧಾನವಾಗಿ ಓದಿ. ಮನೆಗೆ ಒಯ್ದು ಓದುತ್ತೇನೆ ಅನ್ನಿ. ಅರ್ಥವಾಗದ ಪದದ ಕೆಳಗೆ ಗೆರೆ ಎಳೆಯಿರಿ. ಕೇಳಲು ನಾಚಿಕೆ ಬೇಡ. ಕೇಳಿದ್ದಕ್ಕೆ ಯಾರಾದರೂ ರೇಗಿದರೆ ಅಲ್ಲಿ ಸಹಿ ಹಾಕಬೇಡಿ.

ಹಾಗಂತ ಎಲ್ಲದಕ್ಕೂ ಬೇಡ ಅನ್ನಿ ಅಂತ ನಾವು ಹೇಳುತ್ತಿಲ್ಲ. ಆಫ್ರಿಕಾದ ಸಾವಿರಾರು ತಾಯಂದಿರು ‘ಹೂಂ’ ಅಂದಿದ್ದರಿಂದಲೇ ಇವತ್ತು ಲಸಿಕೆ ಬಂದಿದೆ. ಅವರ ಮಕ್ಕಳಿಂದ ಲೋಕದ ಮಕ್ಕಳಿಗೆ ಉಪಕಾರವಾಗಿದೆ. ಇಂಥ ಕೆಲಸಕ್ಕೆ ತೋಳು ಕೊಡುವುದು ದೊಡ್ಡ ಗುಣ. ಆದರೆ ತಿಳಿದು ಕೊಡಬೇಕು. ಕೇಳಿ ಕೊಡಬೇಕು. ಓದಿ, ನಮ್ಮ ಕೈಯಾರೆ ಹೆಸರು ಬರೆದು ಕೊಡಬೇಕು.

ನಾವು ಅಕ್ಷರ ಕಲಿತದ್ದು ಇಂಥದ್ದಕ್ಕೇ ಅಲ್ಲವೇ?